ಭಾವನಿಗೆ ಆ ಔಷಧಿ

ಮಂಗಳವಾರ, ನವೆಂಬರ್ ೧೨

ಮಲಗಿದರೂ ನಿದ್ದೆ ಹತ್ತುತ್ತಿಲ್ಲ. ಡಾಕ್ಟರ ಮಾತು ತಲೆಯಲ್ಲಿ ಕೊರೆಯುತ್ತಲೇ ಇದೆ.

ಭಾವನ ಶ್ವಾಸಕೋಶದ ಕ್ಯಾನ್ಸರಿಗೆ ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಔಷಧಿ, ಕೊಡಬಹುದಾ ಅಂತ ಕೇಳಲು ಅವರ ಜೊತೆ ಅಕ್ಕ, ನಾನು ಇಬ್ಬರೂ ಹೋಗಿದ್ದೆವು. ಡಾಕ್ಟರು ಇಲ್ಲ ಅಂತ ತಲೆಯಾಡಿಸಿಬಿಟ್ಟರು. "ಇವರ ಗಡ್ಡೆಯೊಳಗೆ ರೋಗದ ಜೊತೆ ಹೋರಾಡೋ ಜೀವಕೋಶಗಳೇ ಇಲ್ಲ. ಅಂಥವರಿಗೆ ಈ ಔಷಧಿ ನಾಟೋದಿಲ್ಲ. ದೊಡ್ಡ ಅಧ್ಯಯನ ಇದೆ, ಈಗ ಎಲ್ಲರೂ ಅದನ್ನೇ ಅನುಸರಿಸ್ತಾರೆ."

ಆ ಅಧ್ಯಯನ ನನ್ನದು. ಸಾವಿರಾರು ಪ್ರಬಂಧಗಳು ಅದನ್ನು ಉಲ್ಲೇಖಿಸಿವೆ ಅಂತ ಹೋದ ವಾರವಷ್ಟೇ ಲ್ಯಾಬಿನಲ್ಲಿ ಕೇಕ್ ಕತ್ತರಿಸಿದ್ದೆವು.

ಅಕ್ಕನಿಗೆ ತಡೆಯಲಾಗಲಿಲ್ಲ. "ಅದನ್ನ ಬರೆದಿದ್ದೇ ಇವಳು, ಡಾಕ್ಟ್ರೇ. ಏನಾದ್ರೂ ಹೇಳೇ!"

ನಾನು ಹೇಳಿದೆ: ನಮ್ಮ ಅಧ್ಯಯನದ ಅಂಥ ರೋಗಿಗಳಲ್ಲೇ ಒಬ್ಬ ಹೆಂಗಸು ಈ ಔಷಧಿಯಿಂದ ಪೂರ್ತಿ ಚೇತರಿಸಿಕೊಂಡಿದ್ದಳು. ಯಾಕೆ ಅಂತ ನಮಗೆ ತಿಳಿಯಲಿಲ್ಲ, ಒಂದು ಸಾಲು ಬರೆದು ಮುಂದೆ ಹೋದೆವು. ಆ ಸಾಲನ್ನು ಮಾತ್ರ ಯಾರೂ ಉಲ್ಲೇಖಿಸಿಲ್ಲ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಅಡ್ಡಪರಿಣಾಮ ಜೋರಾಗಿರುತ್ತೆ. ಆದ್ರೂ ನೋಡೋಣವಾ?"

ಭಾವ ನನ್ನ ಕಡೆ ಕೈ ತೋರಿಸಿ ನಕ್ಕರು. "ಇವಳ ಜೊತೆ ವಾದ ಮಾಡಿ ಒಂದು ಸಲಾನೂ ಗೆದ್ದಿಲ್ಲ ನಾನು. ಈ ಸಲ ಗೆಲ್ತೀನಿ, ನೋಡ್ತಿರಿ."

ಗುರುವಾರ ಮೊದಲ ಡ್ರಿಪ್. ಅಕ್ಕ ಹಗುರಾಗಿದ್ದಾಳೆ, ನಾನಲ್ಲ. ಸುಮ್ಮನೆ ಆಸೆ ಹುಟ್ಟಿಸಿಬಿಟ್ಟೆನಾ? ಆ ಅಂಕಿಅಂಶಗಳು ಎಷ್ಟು ಗಟ್ಟಿ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯಾರಾದರೂ ನನ್ನ ಅಧ್ಯಯನವನ್ನು ಸುಳ್ಳು ಮಾಡಿಬಿಟ್ಟರೆ ಅಂತ ಇಷ್ಟು ವರ್ಷ ಹೆದರುತ್ತಿದ್ದೆ. ಈಗ ಭಾವನೇ ಸುಳ್ಳು ಮಾಡಲಿ, ಪೂರ್ತಿ ಸುಳ್ಳು ಮಾಡಲಿ ಅಂತ ಬೇಡಿಕೊಳ್ಳುತ್ತಿದ್ದೇನೆ.