ಎಂಬತ್ತೇಳು ಹಳದಿ ಕಾರ್ಡು, ಒಂದು ಕನ್ನಡಕ

ಆಟಗಾರರ ನಡತೆ ಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯರೇ,

ನನಗೆ ಫುಟ್‌ಬಾಲ್ ತರಬೇತುದಾರನ ಪರವಾನಗಿ ಕೊಡಲಾಗದು ಎಂದು ನಿಮ್ಮ ಸಮಿತಿ ತೀರ್ಮಾನಿಸಿದೆ. ಕಾರಣ, ಹದಿನಾಲ್ಕು ವರ್ಷಗಳ ವೃತ್ತಿಯಲ್ಲಿ ನಾನು ಪಡೆದ ಎಂಬತ್ತೇಳು ಹಳದಿ ಕಾರ್ಡುಗಳು. ಅರವತ್ತು ಕಾರ್ಡು ದಾಟಿದವನು ಮಕ್ಕಳಿಗೆ ಆಟ ಕಲಿಸಲು ಅಯೋಗ್ಯ ಎಂಬುದು ನಿಮ್ಮ ಹೊಸ ನಿಯಮ. ಬರುವ ತಿಂಗಳ ಒಂದನೇ ತಾರೀಖಿನಿಂದ ಪರವಾನಗಿ ಇಲ್ಲದವರು ಮೈದಾನದ ಗೆರೆಯ ಪಕ್ಕ ನಿಲ್ಲುವಂತಿಲ್ಲ. ಅಂದರೆ ನಾಲ್ಕು ವರ್ಷಗಳಿಂದ ನಾನು ಕಲಿಸುತ್ತಿರುವ ಹತ್ತೊಂಬತ್ತು ಹುಡುಗಿಯರಿಗೆ ಕೋಚ್ ಇರುವುದಿಲ್ಲ. ಕೋಚ್ ಇಲ್ಲದ ತಂಡವನ್ನು ಲೀಗ್‌ಗೆ ಸೇರಿಸಿಕೊಳ್ಳುವುದಿಲ್ಲ. ನಿಮ್ಮ ಪತ್ರ ಒಂದೂವರೆ ಪುಟ ಇದೆ. ಈ ಹುಡುಗಿಯರ ಬಗ್ಗೆ ಅದರಲ್ಲಿ ಅರ್ಧ ಸಾಲೂ ಇಲ್ಲ.

ಎಂಬತ್ತೇಳು ಎಂಬ ಲೆಕ್ಕ ಸರಿಯಾಗಿದೆ. ಅದರ ಬಗ್ಗೆ ತಕರಾರಿಲ್ಲ. ನಾನು ಹೆಸರು ಮಾಡಿದ ಆಟಗಾರನೂ ಅಲ್ಲ. ಒಂಬತ್ತು ಕ್ಲಬ್ಬುಗಳಲ್ಲಿ ಮಿಡ್‌ಫೀಲ್ಡರ್ ಆಗಿ ಆಡಿದೆ. ಗೋಲು ಹೊಡೆದವನನ್ನು ಎಲ್ಲರೂ ಹೊತ್ತು ಕುಣಿಯುವಾಗ ಹಿಂದೆ ಒಬ್ಬ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ ನಿಂತಿರುತ್ತಾನಲ್ಲ, ಅವನೇ ನಾನು. ಚೆಂಡು ಕಸಿದುಕೊಳ್ಳುವುದು, ಆಡಬಲ್ಲವರ ಕಾಲಿಗೆ ಕೊಡುವುದು, ಮತ್ತೆ ಓಡುವುದು. ಒಪ್ಪಂದ ಮುಗಿದಾಗ ಎರಡು ಬ್ಯಾಗು ಕಟ್ಟಿಕೊಂಡು ಬೇರೆ ಊರು. ಪ್ರತಿ ಸಲವೂ ಅಮ್ಮ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಈ ಸಲ ಯಾವ ಬಣ್ಣದ ಅಂಗಿನೋ?"

ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ, ಯಾವ ಪುಸ್ತಕದಲ್ಲೂ ಬರೆಯದ ಒಂದು ಕೆಲಸವಿದೆ. ಎದುರಾಳಿಯೊಬ್ಬ ಚೆಂಡಿನೊಂದಿಗೆ ತಪ್ಪಿಸಿಕೊಂಡು ನಮ್ಮ ಗೋಲಿನತ್ತ ಓಡತೊಡಗಿದರೆ, ಅಪಾಯ ಹತ್ತಿರವಾಗುವ ಮೊದಲೇ ಯಾರಾದರೂ ಅವನನ್ನು ಕೆಡವಬೇಕು, ಕಾರ್ಡು ತಿನ್ನಬೇಕು. ಆ ಯಾರಾದರೂ ಯಾವಾಗಲೂ ನಾನೇ. ಆದರೆ ಕೆಡವು ಎಂದು ಹೇಳುವವರು ಯಾರು? ಈ ಪ್ರಶ್ನೆಯನ್ನು ನಿಮ್ಮ ಸಮಿತಿ ಕೇಳಲಿಲ್ಲ. ಅಧ್ಯಕ್ಷರಿಗೆ ಉತ್ತರ ಗೊತ್ತಿದ್ದುದರಿಂದ ಕೇಳುವ ಅಗತ್ಯ ಬರಲಿಲ್ಲವೇನೋ.

ನನ್ನ ಐದನೇ ಕ್ಲಬ್ಬಿನಲ್ಲಿ ಮೂರು ವರ್ಷ ನೀವೇ ಕೋಚ್ ಆಗಿದ್ದಿರಿ. ಬೆಂಚಿನ ಮುಂದೆ ನಿಂತು ನೀವು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರೆ, ಅವನನ್ನು ಕೆಡವು ಎಂದರ್ಥ. ಮೊದಲ ವಾರ ನನಗೆ ಅರ್ಥವಾಗಿರಲಿಲ್ಲ. ಡ್ರೆಸಿಂಗ್ ರೂಮಿನಲ್ಲಿ, ಎಲ್ಲರೆದುರು, ನೀವೇ ಬಿಡಿಸಿ ಹೇಳಿದಿರಿ: "ನಾನು ಕನ್ನಡಕ ತೆಗೆದ್ರೆ ನಿಂಗೆ ಕಣ್ಣು ಬರ್ಬೇಕು. ಅವನು ಅರ್ಧ ಮೈದಾನ ದಾಟಬಾರ್ದು. ನಾನು ಏನೂ ನೋಡಿಲ್ಲ, ತಿಳೀತಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಕೋಚ್ ನನ್ನೊಬ್ಬನಿಗೇ ಎಂದು ಒಂದು ಸನ್ನೆ ಕೊಟ್ಟರಲ್ಲ ಎಂದು ಹೆಮ್ಮೆಪಟ್ಟ ಮೂರ್ಖ ನಾನು.

ಆ ಸೆಮಿಫೈನಲ್ ನಿಮಗೆ ಮರೆತಿರಲಾರದು. ನಾವು ಒಂದು ಗೋಲು ಮುಂದಿದ್ದೆವು. ಕೊನೆಯ ನಿಮಿಷದಲ್ಲಿ ಎದುರು ತಂಡದ ಹತ್ತನೇ ನಂಬರಿನವರು ಚೆಂಡು ಹಿಡಿದು ಹೊರಟರು. ನಾನು ಬೆನ್ನಟ್ಟುತ್ತ ಬೆಂಚಿನತ್ತ ನೋಡಿದೆ. ಕನ್ನಡಕ ನಿಮ್ಮ ಕೈಯಲ್ಲಿತ್ತು. ಹಿಂದಿನಿಂದ ಕಾಲು ಹಾಕಿದೆ. ಅವರ ಕಣಕಾಲು ಮುರಿದ ಸದ್ದು ನನಗೆ ಕೇಳಿಸಿತು. ಅವರು ಮತ್ತೆ ವೃತ್ತಿಪರ ಆಟ ಆಡಲಿಲ್ಲ. ಅದು ಆ ಟೂರ್ನಿಯಲ್ಲಿ ನನ್ನ ಎರಡನೇ ಹಳದಿ ಕಾರ್ಡಾದ್ದರಿಂದ ಫೈನಲ್‌ನಲ್ಲಿ ನನಗೆ ಜಾಗವಿರಲಿಲ್ಲ. ಗ್ಯಾಲರಿಯಲ್ಲಿ ಹೆಂಡತಿಯ ಪಕ್ಕ ಕೂತು, ನೀವು ಕಪ್ ಎತ್ತುವುದನ್ನು ನೋಡಿ ಚಪ್ಪಾಳೆ ತಟ್ಟಿದೆ. ಆ ಫೋಟೋ ಇವತ್ತಿಗೂ ನಿಮ್ಮ ಕಚೇರಿಯ ಗೋಡೆಯ ಮೇಲಿದೆ. ವಿಚಾರಣೆಗೆ ಬಂದ ದಿನ ಅದರ ಕೆಳಗೇ ನನ್ನನ್ನು ಮುಕ್ಕಾಲು ಗಂಟೆ ಕಾಯಿಸಿದಿರಿ.

ವಿಚಾರಣೆ ನಡೆದದ್ದು ಒಂಬತ್ತು ನಿಮಿಷ. ಕಾರ್ಯದರ್ಶಿಯವರು ನನ್ನ ಕಾರ್ಡುಗಳನ್ನು ವರ್ಷವಾರು ಓದುತ್ತಿದ್ದರು. ನಿಮ್ಮ ಮೂರು ವರ್ಷಗಳ ಸರದಿ ಬಂದಾಗ ನೀವು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದಿರಿ. ಮೇಜಿನ ಕೆಳಗೆ ನನ್ನ ಬಲಗಾಲು ತಾನಾಗಿಯೇ ಅದುರಿತು. ಹನ್ನೊಂದು ವರ್ಷಗಳ ನಂತರವೂ ನಿಮ್ಮ ಅಪ್ಪಣೆಗೆ ಕಾಯುವ ಆ ಕಾಲಿನ ಮೇಲೆ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಅಲ್ಲೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮ್ಗೆ? ಈಗಾದ್ರೂ ಬರೀರಿ, ಎಲ್ರೂ ಓದೋ ಹಾಗೆ" ಎಂದಳು. ಬರೆಯುತ್ತಿದ್ದೇನೆ.

ಆ ಹತ್ತನೇ ನಂಬರಿನವರು ಈಗ ನಮ್ಮೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಾಲ್ಕು ವರ್ಷದ ಹಿಂದೆ, ನಾನು ತಂಡ ಕಟ್ಟಿದ ವಾರವೇ, ಮಗಳ ಕೈಹಿಡಿದು ಕುಂಟುತ್ತ ಮೈದಾನಕ್ಕೆ ಬಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಆಮೇಲೆ ವಿಡಿಯೋದಲ್ಲಿ ನೋಡ್ದೆ, ಅವತ್ತು ನೀವು ಓಡ್ತಾ ಓಡ್ತಾ ಬೆಂಚ್ ಕಡೆ ತಿರುಗಿದ್ರಿ. ಏನ್ ನೋಡಿದ್ರಿ?" ಎಂದು ಕೇಳಿದರು.

"ಕನ್ನಡಕ" ಎಂದೆ. ಎಲ್ಲವನ್ನೂ ಹೇಳಿದೆ. ಕಾಲು ನನ್ನದೇ, ತಪ್ಪೂ ನನ್ನದೇ ಎಂದೂ ಹೇಳಿದೆ.

ಅವರು ಮಗಳನ್ನು ನನ್ನ ಮುಂದೆ ನಿಲ್ಲಿಸಿ ಹೇಳಿದರು: "ನನ್ ಮಗಳಿಗೆ ಆಟ ಹೇಳ್ಕೊಡಿ. ಬೆಂಚ್ ಕಡೆ ನೋಡೋದೊಂದು ಬೇಡ."

ಮಾನ್ಯರೇ, ನಾನು ಯಾರ ಕಾಲು ಮುರಿದೆನೋ ಅವರು ಮಗಳನ್ನು ನನ್ನ ಕೈಗೊಪ್ಪಿಸಿದರು. ನನ್ನ ಪರವಾಗಿ ನಿಮಗೆ ಪತ್ರವನ್ನೂ ಬರೆದರು. 'ಸಂಬಂಧವಿಲ್ಲದವರ ಅಭಿಪ್ರಾಯವನ್ನು ಪರಿಗಣಿಸಲಾಗದು' ಎಂದು ಸಮಿತಿ ಉತ್ತರಿಸಿತು. ಆ ಕಾಲಿಗೂ ಅವರಿಗೂ ಸಂಬಂಧವಿಲ್ಲವೇ? ಮತ್ತೆ ಯಾರಿಗಿದೆ ಸ್ವಾಮಿ?

ನಿಮ್ಮ ಮೂರು ವರ್ಷಗಳಲ್ಲಿ ನನಗೆ ಬಿದ್ದ ಕಾರ್ಡುಗಳು ಮೂವತ್ತೊಂದು. ಅವುಗಳಲ್ಲಿ ಮೂರು ರೆಫರಿಯೊಂದಿಗೆ ಜಗಳವಾಡಿದ್ದಕ್ಕೆ, ಒಂದು ನೀರಿನ ಬಾಟಲಿ ಒದ್ದಿದ್ದಕ್ಕೆ. ಆ ನಾಲ್ಕು ನನ್ನ ಸ್ವಂತ ಸಂಪಾದನೆ. ಉಳಿದ ಇಪ್ಪತ್ತೇಳು ನಿಮ್ಮವು. ಅವನ್ನು ನೀವು ತೆಗೆದುಕೊಂಡರೆ ನನ್ನ ಪಾಲಿಗೆ ಉಳಿಯುವುದು ಸರಿಯಾಗಿ ಅರವತ್ತು. ನಿಯಮ ಹೇಳುವುದು ಅರವತ್ತು ದಾಟಬಾರದು ಎಂದಲ್ಲವೇ?

ದಯೆ ಬೇಡ, ವಿನಾಯಿತಿ ಬೇಡ. ಬರುವ ಶನಿವಾರ ಸಂಜೆ ನಾಲ್ಕಕ್ಕೆ ನಮ್ಮ ಮೈದಾನಕ್ಕೆ ಬನ್ನಿ. ಹತ್ತೊಂಬತ್ತು ಹುಡುಗಿಯರು ಇರುತ್ತಾರೆ, ಡಿಪೋದಿಂದ ಮೆಕ್ಯಾನಿಕ್ ಬರುತ್ತಾರೆ. ಆ ಇಪ್ಪತ್ತೇಳು ಯಾರವು ಎಂದು ಅವರೆದುರು ಹೇಳಿ, ಅಲ್ಲೇ ನನ್ನ ಅರ್ಜಿಗೆ ಸಹಿ ಹಾಕಿ. ಹೇಳುವಾಗ ಮೆಕ್ಯಾನಿಕ್‌ರ ಮುಖವನ್ನೇ ನೋಡಿ. ಮಾತು ಮುಗಿಯುವ ತನಕ ಕನ್ನಡಕ ಮೂಗಿನ ಮೇಲೇ ಇರಲಿ.

ಇಂತಿ,
ಮೂರು ವರ್ಷ ತಮ್ಮ ಕಾಲಾಗಿ ದುಡಿದ
ಎಂಟನೇ ನಂಬರಿನವನು