ಎರಡೂ ಸಲ ಅದೇ ಉತ್ತರ

ಊಟದ ಸಮೀಕ್ಷೆಯ ಫಾರಂ ತರುವ ಪ್ರೀತಿಯ ಅಕ್ಕನಿಗೆ,

ಒಂದು ತಿಂಗಳ ಅಂತರದಲ್ಲಿ ತುಂಬಿದ ನನ್ನ ಎರಡೂ ಫಾರಂ ಒಂದೇ ರೀತಿ ಇವೆ, ಉತ್ತರ ನಂಬಬಹುದು ಎಂದಿರಲ್ಲ, ಕುಣಿದುಬಿಟ್ಟೆ! “ನನ್ ಹೆಂಡ್ತಿ ಫಸ್ಟ್ ಕ್ಲಾಸ್ ಕಣ್ರೀ!” ಎಂದು ಇವರು ಪಕ್ಕದ ಮನೆಗೂ ಹೇಳಿ ಬಂದರು.

ಆದರೆ ಅಕ್ಕಾ, ಅವೆರಡನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಎರಡೂ ಸಲ ಇವರು ಪಕ್ಕದಲ್ಲೇ ಕೂತಿದ್ದರು. ದಿನಾ ಹಾಲು, ಮೊಟ್ಟೆ ಎಂದು ಬರೆದೆ. ಕಾರ್ಖಾನೆಯಲ್ಲಿ ಇವರ ಪಾಳಿ ಕಡಿಮೆಯಾದ ಮೇಲೆ ನಮ್ಮಲ್ಲಿರುವ ಊಟ ಒಬ್ಬರಿಗಾಗುವಷ್ಟೇ. ಬಡಿಸುವಾಗ ಇವರು “ನಿಂದಾಯ್ತಾ?” ಎಂದರೆ, “ನಿಮಗೆ ಕಾಯೋಳಾ ನಾನು? ಆಗ್ಲೇ ಮುಗಿಸ್ದೆ!” ಎಂದು ನಗುತ್ತೇನೆ.

ಗುರುವಾರ ನನ್ನ ತಟ್ಟೆಯ ಊಟ ತೂಗಿ ನೋಡಲು ಬರುತ್ತೀರಲ್ಲ, ಇವರು ಕೆಲಸಕ್ಕೆ ಹೋದ ಮೇಲೆ ಬನ್ನಿ. ತಕ್ಕಡಿಯಲ್ಲಿ ಬಂದದ್ದನ್ನೇ ಬರೆದುಕೊಳ್ಳಿ, ಇವರಿಗೆ ಮಾತ್ರ ಹೇಳಬೇಡಿ. ತಿಳಿದರೆ ತಮ್ಮ ತಟ್ಟೆಯನ್ನು ನನ್ನ ಕಡೆ ತಳ್ಳಿ, ಖಾಲಿ ಹೊಟ್ಟೆಯಲ್ಲಿ ಯಂತ್ರದ ಮುಂದೆ ನಿಲ್ಲುತ್ತಾರೆ.

ನಿಮ್ಮ,
ಮೂರನೇ ಮಹಡಿಯ ಮದುಮಗಳು