ಮಾರಾಟಕ್ಕಿಲ್ಲದ ಊರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಫೋನ್ ಮಾಡಿದರೆ ನೀವು "ಆಯ್ತು ಕಣೇ, ಹೋಗಿ ಕೆಲಸ ನೋಡು" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ನಡುವೆ ತಡೆಯಲು ನಿಮ್ಮಿಂದಲೂ ಆಗದು. ಮಂಡಿನೋವು ಹೇಗಿದೆ? ನಾದಿನಿ ದಿನಾ ಎಣ್ಣೆ ತಿಕ್ಕಿಕೊಡುತ್ತಾಳೆ ತಾನೇ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಮಗ ನಿಮ್ಮನ್ನು ತುಂಬ ನೆನೆಸಿಕೊಳ್ಳುತ್ತಾರೆ, ಬೇಗ ಬರುವಂತೆ ಬರೆ ಅಂದಿದ್ದಾರೆ.

ನಿಮಗೆ ಥ್ಯಾಂಕ್ಸ್ ಹೇಳುವುದು ಬಾಕಿಯಿದೆ. ನೀವು ಚೀಲ ತುಂಬಿಕೊಂಡು ಬಿರಬಿರನೆ ಮಗಳ ಮನೆಗೆ ಹೊರಟಾಗ ಬಾಗಿಲಲ್ಲೇ ಹೇಳಬೇಕೆಂದಿದ್ದೆ. ಆದರೆ ತಾಯಿಮಗನ ಜಗಳದಲ್ಲಿ ನನ್ನ ಮಾತು ಯಾರ ಕಿವಿಗೂ ಬೀಳುವಂತಿರಲಿಲ್ಲ.

ಹಗಲೆಲ್ಲ ನಾನು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೂತು ಯಾರದೋ ಬಾಯಿಗೆ ಹಲ್ಲು ಜೋಡಿಸುವವಳು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಸೆಟ್ ವಾಪಸ್ ಬರುತ್ತದೆ. ಅಂಥ ಕೈಗೆ, ಮನೆಗೆ ಬಂದು ಒಂದಿಷ್ಟು ಪ್ಲಾಸ್ಟರ್ ಕಲಸಿ, ಹಲಗೆಯ ಮೇಲೆ ಬೆರಳುದ್ದದ ಮನೆಗಳನ್ನು ನಿಲ್ಲಿಸುವುದೆಂದರೆ ಹಗ್ಗ ಬಿಚ್ಚಿದ ಕರುವಿನ ಕುಣಿತ. ಒಂದಕ್ಕೆ ಬಾಗಿಲಿದ್ದರೆ ಕಿಟಕಿಯಿಲ್ಲ, ಇನ್ನೊಂದು ಕುಡಿದವನ ಹಾಗೆ ವಾಲಿರುತ್ತದೆ. ಯಾರೂ ವಾಪಸ್ ಕಳಿಸುವವರಿಲ್ಲ.

ಇಡೀ ಆಯಸ್ಸು ಬಸ್ಸಿನಲ್ಲಿ ಟಿಕೆಟ್ ಹರಿದವರು ನೀವು. ಹಲಗೆಯ ಮೇಲಿನ ಆ ಊರನ್ನು ನೋಡಿದ್ದೇ ತಡ, "ಇಷ್ಟೊಂದು ಮನೆ ಇದೆ, ಒಂದು ಬಸ್‌ಸ್ಟಾಪ್ ಬೇಡ್ವೇನೇ?" ಅಂದಿರಿ. ಬೆಂಕಿಪೊಟ್ಟಣ ಕತ್ತರಿಸಿ ನೀವೇ ಮಾಡಿಟ್ಟಿರಿ. ವಾಲಿದ ಮನೆಯಲ್ಲಿ ಯಾರಿದ್ದಾರೆ, ಅವರಿಗೂ ಎದುರುಮನೆಯವರಿಗೂ ಯಾಕೆ ಮಾತಿಲ್ಲ ಎಂದೆಲ್ಲ ಕಥೆ ಕಟ್ಟಿದಿರಿ. ಆದರೆ ಅತ್ತೆ, ಊರು ಯಾವಾಗ ಮುಗಿಯುತ್ತೆ ಎಂದು ಒಂದು ಸಲವೂ ಕೇಳಲಿಲ್ಲ.

ನಿಮ್ಮ ಮಗನ ಗೋದಾಮಿಗೆ ಬರುವ, ಮನೆ ಕಟ್ಟಿಸಿ ಮಾರುವ ಆ ಬಿಲ್ಡರ್ ಒಮ್ಮೆ ನಮ್ಮನೆಗೆ ಬಂದಾಗ ಹಲಗೆಯ ಊರನ್ನು ನೋಡಿ, ತಮ್ಮ ಹೊಸ ಆಫೀಸಿಗೆ ಬೇಕು ಅಂದಾಗ ಇವರ ಮುಖ ಊರಗಲವಾಯಿತು. ಹೆಂಡತಿಯ ಕೈಕೆಲಸವನ್ನು ನಾಲ್ಕು ಜನ ನೋಡುತ್ತಾರೆಂಬ ಖುಷಿ. ಆ ಖುಷಿ ನೋಡಿ ನಾನೂ ಹೂಂ ಅಂದೆ. ಆಮೇಲೆ ಶುರುವಾಯಿತು ಅವರ ಷರತ್ತು: ಮನೆಗಳೆಲ್ಲ ಒಂದೇ ಎತ್ತರ ಇರಬೇಕು, ಬಿಳಿ ಬಣ್ಣವೇ ಆಗಬೇಕು, ಉದ್ಘಾಟನೆಗೆ ಮೊದಲು ಮುಗಿಯಬೇಕು. ನಿಮ್ಮ ಮಗನೋ ಹಿಡಿದ ಕೆಲಸ ಮುಗಿಸದೆ ನೀರೂ ಕುಡಿಯದ ಮನುಷ್ಯ. ಚಪ್ಪಲಿ ಬಿಡುವ ಮೊದಲೇ "ಎಲ್ಲಿಗೆ ಬಂತು?" ಎಂದು ಕೇಳುವರು. ಒಂದು ದಿನ ಬಸ್‌ಸ್ಟಾಪ್ ತೆಗೆಯಿರಿ ಎಂದು ಬಿಲ್ಡರ್ ಫೋನ್ ಬಂತು. ಅವರ ಗಿರಾಕಿಗಳೆಲ್ಲ ಕಾರಿನಲ್ಲಿ ಬರುವವರಂತೆ. ತೆಗೆದೆ. ಅಲ್ಲಿಂದ ಮುಂದಕ್ಕೆ ಕೈಯೇ ಓಡಲಿಲ್ಲ. ಕಲಸಿದ ಪ್ಲಾಸ್ಟರ್ ಬಟ್ಟಲಲ್ಲೇ ಕಲ್ಲಾಗುತ್ತಿತ್ತು. ಊರೂ ಒಂದು ಹಲ್ಲಿನ ಸೆಟ್ಟೇ ಆಗಿಹೋಗಿತ್ತು.

ಅಡುಗೆಮನೆ ಬಾಗಿಲಲ್ಲಿ ನಿಂತು ನೀವು ಕೇಳಿದಿರಿ: "ಇದನ್ನ ಮಾಡುವಾಗ ಏನಾದ್ರೂ ಗುನುಗ್ತಿದ್ದೆ. ಈಗ ಯಾಕೆ ಇಲ್ಲ?" ನಾನು ಬಟ್ಟಲಿಗೆ ಅಂಟಿದ ಪ್ಲಾಸ್ಟರ್ ಕೆರೆಯುತ್ತ ಕೂತೆ.

ಮರುದಿನ ನಾನು ಲ್ಯಾಬಿನಲ್ಲಿದ್ದಾಗ ನೀವು ಆ ಬಿಲ್ಡರಿಗೆ ಫೋನ್ ಮಾಡಿ ಆಡಿದ ಮಾತನ್ನು ನಿಮ್ಮ ಮಗನೇ ಆಮೇಲೆ ಹಲ್ಲು ಕಡಿಯುತ್ತ ನನಗೆ ಒಪ್ಪಿಸಿದರು. "ಸ್ವಾಮಿ, ಆ ಊರಲ್ಲಿ ಜನ ವಾಸ ಮಾಡ್ತಿದ್ದಾರೆ. ಖಾಲಿ ಮಾಡ್ಸೋಕಾಗಲ್ಲ." ಅವರು ರಾಂಗ್ ನಂಬರ್ ಅಂದುಕೊಂಡು ಇಟ್ಟುಬಿಟ್ಟರಂತೆ. ನೀವು ಬಿಡುವವರೇ? ಮತ್ತೆ ಮಾಡಿ, ಊರು ಮಾರಾಟಕ್ಕಿಲ್ಲ ಅಂದಿರಂತೆ.

ಆ ಸಂಜೆ ಇವರು "ನನ್ನ ಮರ್ಯಾದೆ ಏನಾಗ್ಬೇಕಮ್ಮ?" ಎಂದು ಕೂಗಾಡಿದ್ದು, ನೀವು "ನಿನ್ನ ಮರ್ಯಾದೇನ ಅವಳ ಹಲಗೆ ಮೇಲೆ ಯಾಕೋ ಇಟ್ಟೆ?" ಅಂದದ್ದು, ಎಲ್ಲ ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದ್ದೆಂದರೆ, ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಸದ್ದು ಹೊರಗೆ ಕೇಳದಂತೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟೋ ದಿನದ ಮೇಲೆ ಉಸಿರು ಹೊಟ್ಟೆಯ ತಳದವರೆಗೆ ಇಳಿದಿತ್ತು.

ಹೋದ ಭಾನುವಾರ ಮತ್ತೆ ಹಲಗೆಯ ಮುಂದೆ ಕೂತೆ. ಒಂದು ಗುಡ್ಡ ಶುರು ಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಪಕ್ಕದಲ್ಲಿ ಹೊಳೆಯಿದ್ದರೆ ಚೆನ್ನ ಅನ್ನಿಸಿ ಅತ್ತ ಹೋದೆ. ಹೊಳೆಯೂ ಹಲಗೆಯ ನಡುವಿನವರೆಗೆ ಹರಿದು ನಿಂತಿದೆ. ಮುಂದೆ ಎಲ್ಲಿಗೆ ಹೋಗುತ್ತದೋ ಅದಕ್ಕೇ ಗೊತ್ತಿಲ್ಲ, ನನಗೆಲ್ಲಿಂದ ಗೊತ್ತು? ಈಗ ಲ್ಯಾಬಿನಲ್ಲೂ ಗುನುಗುತ್ತಿರುತ್ತೇನಂತೆ, ಪಕ್ಕದ ಮೇಜಿನವಳು ದೂರು ಹೇಳಿದಳು.

ಅತ್ತೆ, ನನ್ನ ಕೈಯಿಂದ ಏನಾದರೊಂದು ಆಗಲಿ ಎಂದು ಬಯಸಿದವರು ಬೇಕಾದಷ್ಟಿದ್ದಾರೆ, ಎಲ್ಲರೂ ನನ್ನ ಒಳ್ಳೆಯದಕ್ಕೇ. ಏನೂ ಆಗದಿದ್ದರೂ ಪರವಾಗಿಲ್ಲ, ಖುಷಿಯಾಗಿರಲಿ ಎಂದು ಕಾವಲು ನಿಂತವರು ನೀವೊಬ್ಬರೇ. ಹೆತ್ತಮ್ಮ ಇದ್ದಿದ್ದರೂ ಇದಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ. ನಿಮ್ಮ ಕೋಣೆ ಗುಡಿಸಿ, ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಬಂದುಬಿಡಿ.

ಇಂತಿ,
ನಿಮ್ಮ ಬಾಯಿ ಸತ್ತ ಸೊಸೆ

ಇನ್ನೊಂದು ಮಾತು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಿಮ್ಮ ಮಗ ನಿಮ್ಮನ್ನು ಬರಲು ಹೇಳು ಅಂದಿಲ್ಲ. ನೀವು ಹೋದಂದಿನಿಂದ ನಿಮ್ಮ ಸುದ್ದಿಯೇ ಎತ್ತಿರಲಿಲ್ಲ. ಆದರೆ ಇವತ್ತು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದರೆ, ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಪೊರಕೆ ಕಡ್ಡಿಗೆ ದಾರ ಸುತ್ತಿ ಒಂದು ಪುಟ್ಟ ಏಣಿ ಕಟ್ಟುತ್ತಿದ್ದರು. ನನ್ನನ್ನು ಕಂಡು ಚಪ್ಪಲಿ ಹುಡುಕುವವರ ಹಾಗೆ ಎದ್ದರು. ಇದು ಯಾಕೆ ಅಂದೆ. "ಸುಮ್ನೆ" ಅಂದರು. ಮೇಲಿನ ಮೆಟ್ಟಿಲು ಇನ್ನೂ ಕಟ್ಟಿಲ್ಲವಲ್ಲ ಅಂದೆ. "ಇರ್ಲಿ ಬಿಡು, ಮನಸ್ಸಾದಾಗ ನೋಡೋಣ" ಅಂದು ಎರಡು ಹೆಜ್ಜೆ ಹೋದವರು ತಿರುಗಿ, "ಅಮ್ಮ ಬಂದಾಗ ನಾನು ಕಟ್ಟಿದ್ದು ಅಂತ ಹೇಳ್ಬೇಡ" ಅಂದರು. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಬರೆದಿದ್ದೇನೆ, ಅಷ್ಟೇ.